ಚರ್ಚಿನ ಮುಂದೆ ಚೆಲ್ಲಿದ ಸಾಂಬಾರು

ಹೇರೋಹಳ್ಳಿಯ ಕೃಪಾಲಯ ಚರ್ಚಿನಲ್ಲಿ ಎಡಗಡೆಯ ಕೊನೆಯ ಕಿಟಕಿಯ ಪಕ್ಕದ ಜಾಗ ಜೀವರತ್ನಮ್ಮನವರದು. ಹಾಗಂತ ಎಲ್ಲೂ ಬರೆದಿರಲಿಲ್ಲ. ಆದರೆ ಬೇರೆ ಯಾರಾದರೂ ಅಲ್ಲಿ ಕೂತರೆ ಅವರು ಪಕ್ಕದಲ್ಲೇ ನಿಂತು, ಕೂತವರು ಏಳುವವರೆಗೂ ಮುಗುಳ್ನಗುತ್ತಿದ್ದರು. ಅಲ್ಲಿ ಗಾಳಿ ಬರುತ್ತಿತ್ತು, ಪ್ರಸಂಗ ಹೇಳುವ ಪಾದ್ರಿ ಅಯ್ಯನವರ ಕಣ್ಣು ಬೀಳುತ್ತಿರಲಿಲ್ಲ, ಪ್ರಸಂಗ ಉದ್ದವಾದರೆ ಬೀದಿ ನೋಡಬಹುದಿತ್ತು. ಮದುವೆಯಾಗಿ ಬಂದ ವರ್ಷದಿಂದ ಅವರು ಪ್ರತಿ ಭಾನುವಾರ ಬಂದು, ಕೂತು, ಕೀರ್ತನೆ ಹಾಡಿ, ಕಾಣಿಕೆ ಹಾಕಿ, ಮನೆಗೆ ಹೋಗಿ ಕೋಳಿ ಸಾರಿಗೆ ಒಗ್ಗರಣೆ ಕೊಡುತ್ತಿದ್ದರು. ದೇವರಿಗೆ ತನ್ನಿಂದ ಇದಕ್ಕಿಂತ ಹೆಚ್ಚೇನಾದರೂ ಬೇಕಾಗಿದ್ದರೆ ಇಷ್ಟು ಹೊತ್ತಿಗೆ ಹೇಳಿಕಳಿಸುತ್ತಿದ್ದ ಎಂದು ಅವರ ನಂಬಿಕೆ.

ಕಿಟಕಿಯಿಂದ ಕಾಣುವುದರಲ್ಲಿ ಮುಖ್ಯವಾದದ್ದು ಒಂದು ಗುಂಡಿ. ಯಾರೋ ಪೈಪು ಹಾಕುತ್ತೇವೆಂದು ಚರ್ಚಿನ ಗೇಟಿನ ಎದುರಿಗೇ ರಸ್ತೆ ಅಗೆದಿದ್ದರು. ಪೈಪು ಹಾಕಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಗುಂಡಿಯಂತೂ ಉಳಿಯಿತು. ಭಾನುವಾರಕ್ಕೊಬ್ಬರಾದರೂ ಅದರಲ್ಲಿ ಬೀಳುತ್ತಿದ್ದರು. ಮೊದಲು ‘ದಡ್’ ಎಂಬ ಸದ್ದು, ಆಮೇಲೆ ಬಿದ್ದವರ ಬಾಯಿಂದ ಚರ್ಚಿನೊಳಗೆ ಕೇಳಬಾರದ ಒಂದು ಮಾತು. ಆಗ ಅಯ್ಯನವರು ಪ್ರಸಂಗ ನಿಲ್ಲಿಸಿ, “ಬಿದ್ದವರಿಗಾಗಿ ಪ್ರಾರ್ಥಿಸೋಣ” ಅನ್ನುತ್ತಿದ್ದರು. ಸಭೆಯೆಲ್ಲ ಕಣ್ಣು ಮುಚ್ಚುತ್ತಿತ್ತು. ಪ್ರಾರ್ಥನೆ ಮುಗಿದು ಕಣ್ಣು ಬಿಡುವಷ್ಟರಲ್ಲಿ ಬಿದ್ದವರು ತಾವೇ ಎದ್ದು, ಮೈ ಕೊಡವಿಕೊಂಡು ಹೋಗಿರುತ್ತಿದ್ದರು. ಪ್ರಾರ್ಥನೆಗೆ ಇಷ್ಟು ಬೇಗ ಉತ್ತರ ಸಿಗುವ ಚರ್ಚು ಬೆಂಗಳೂರಲ್ಲಿ ಇನ್ನೊಂದಿಲ್ಲ ಎಂದು ಸಭೆಯವರಿಗೆ ಒಳಗೊಳಗೇ ಹೆಮ್ಮೆ.

ಅಂದು ಸುಗ್ಗಿ ಹಬ್ಬದ ಆರಾಧನೆ. ಪವಿತ್ರ ಮೇಜಿನ ಮುಂದೆ ತರಕಾರಿಯ ಗುಡ್ಡೆ ಬಿದ್ದಿತ್ತು: ಬದನೆ, ನುಗ್ಗೆ, ಬೀನ್ಸು, ಟೊಮೇಟೊ, ಕೊತ್ತಂಬರಿಯ ಕಂತೆಗಳು. ಎಲ್ಲದರ ನಡುವೆ ರಾಜನಂತೆ ಒಂದು ಸಿಹಿಗುಂಬಳಕಾಯಿ. ಅದು ಜೀವರತ್ನಮ್ಮನವರ ಗಂಡ, ಚರ್ಚಿನ ಖಜಾಂಚಿ ಸತ್ಯಾನಂದರು ಮನೆಯ ತಾರಸಿಯಲ್ಲಿ ಬೆಳೆದದ್ದು. ಪ್ರತಿ ವರ್ಷ ಅವರು ತಮ್ಮ ಅತಿ ದೊಡ್ಡ ಕಾಯಿಯನ್ನು ದೇವರಿಗೆ ಅರ್ಪಿಸುತ್ತಿದ್ದರು. ಆರಾಧನೆ ಮುಗಿದ ಮೇಲಿನ ಹರಾಜಿನಲ್ಲಿ ಅದನ್ನು ಬಿಟ್ಟುಕೊಡಲಾರದೆ ತಾವೇ ಕೂಗಿ ವಾಪಸು ಮನೆಗೆ ತರುತ್ತಿದ್ದರು. ಹಿಂದಿನ ಅಂಗಳದಲ್ಲಿ ಸಭೆಯ ಊಟಕ್ಕೆ ಕೋಳಿ ಬಿರಿಯಾನಿ ದಮ್ಮಿಗೆ ಕೂತಿತ್ತು. ಅದರ ಘಮ ಕಿಟಕಿಯಿಂದ ಒಳಗೆ ಬಂದು, ಪ್ರಸಂಗ ಕೇಳುವವರ ಮನಸ್ಸನ್ನು ಹೊರಗೆ ಕರೆದೊಯ್ಯುತ್ತಿತ್ತು.

ಅಯ್ಯನವರು ಪ್ರಸಂಗದ ಎರಡನೆಯ ಅಂಶಕ್ಕೆ ಬಂದಿದ್ದರು. ಹೊರಗೆ ‘ದಡ್’ ಎಂದಿತು. ಹಿಂದೆಯೇ ಯಾವುದೋ ದೊಡ್ಡ ಪಾತ್ರೆ ಉರುಳಿ ‘ಡಣಾಂಗ್’ ಎಂದಿತು. ಆಮೇಲೆ ‘ದಬದಬದಬ’ ಎಂದು ನೀರು ಸುರಿದ ಸದ್ದು.

“ಬಿದ್ದವರಿಗಾಗಿ ಪ್ರಾರ್ಥಿಸೋಣ” ಎಂದರು ಅಯ್ಯನವರು.

ಎಲ್ಲರೂ ಕಣ್ಣು ಮುಚ್ಚಿದರು. ಜೀವರತ್ನಮ್ಮ ಮಾತ್ರ ಒಂದು ಕಣ್ಣು ಬಿಟ್ಟು ಕಿಟಕಿಯತ್ತ ನೋಡಿದರು. ಲಗೇಜ್ ಆಟೋ ಒಂದರ ಮುಂದಿನ ಚಕ್ರ ಗುಂಡಿಯೊಳಗೆ ಸೊಟ್ಟಗೆ ಸಿಕ್ಕಿಕೊಂಡಿತ್ತು. ಮೊಣಕಾಲೆತ್ತರದ ಪಾತ್ರೆಯೊಂದು ರಸ್ತೆಯ ಮೇಲೆ ಮಗ್ಗುಲಾಗಿತ್ತು. ಅದರ ಬಾಯಿಂದ ಸಾಂಬಾರು ಹೊರಟು, ಇಳಿಜಾರು ಹಿಡಿದು, ಚರ್ಚಿನ ಗೇಟು ದಾಟಿ, ಮೆಟ್ಟಿಲ ಬಳಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳತ್ತ ಹರಿದು ಬರುತ್ತಿತ್ತು. ಆ ಸಾಲಿನ ಮೊದಲ ಜೊತೆ ಜೀವರತ್ನಮ್ಮನವರದು. ಹೊಸದು. ಅಂದೇ ಮೊದಲ ಸಲ ಹಾಕಿಕೊಂಡು ಬಂದದ್ದು.

ದೇವರಿಗೆ ಮನಸ್ಸಿನಲ್ಲೇ ‘ಒಂದ್ ನಿಮಿಷ ಸ್ವಾಮಿ’ ಎಂದು, ಅವರು ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡಿದರು. ಆರಾಧನೆಯ ನಡುವೆ ಅವರು ಎದ್ದು ಹೋದದ್ದು ಅದೇ ಮೊದಲು. ಚಪ್ಪಲಿಯನ್ನು ಕೈಗೆತ್ತಿಕೊಂಡು, ಉಸ್ಸಪ್ಪಾ ಎಂದು ತಲೆಯೆತ್ತಿದರೆ ಎದುರಿಗೆ ಒಬ್ಬ ಯುವಕ. ಮೈಯೆಲ್ಲ ಸಾಂಬಾರು, ಕಿವಿಯ ಮೇಲೊಂದು ಕರಿಬೇವಿನ ಎಸಳು. ತಲೆಯ ಮೇಲೆ ಕೈಹೊತ್ತು ನಿಂತಿದ್ದ.

“ಪೆಟ್ಟಾಯ್ತೇನಪ್ಪಾ?”

“ಪೆಟ್ಟಾಗಿದ್ರ ಚಲೋ ಇತ್ರೀ ಅಕ್ಕಾರ, ದವಾಖಾನ್ಯಾಗ ಮಲಗ್ತಿದ್ದೆ!” ಅವನು ಅಳುವ ದನಿಯಲ್ಲಿ ಹೇಳಿದ. ಹೆಸರು ಕಲ್ಮೇಶ್, ಧಾರವಾಡದ ಕಡೆಯವನು, ಅಡುಗೆ ಗುತ್ತಿಗೆದಾರರ ಹತ್ತಿರ ಕೆಲಸ. “ಇಲ್ಲೇ ಉಲ್ಲಾಳದಾಗ ಲಿಂಗಾಯತರ ಮನ್ಯಾಗ ಗೃಹಪ್ರವೇಶ ಐತ್ರೀ. ಅನ್ನ, ಪಲ್ಯ, ಪಾಯಸ ಎಲ್ಲಾ ಮುಟ್ಯಾವು. ಸಾಂಬಾರು ಒಂದು ನನ್ನ ಕೈಯಾಗಿತ್ತು. ಇನ್ನ ಸ್ವಲ್ಪ ಹೊತ್ತಿಗೆ ಇನ್ನೂರು ಮಂದಿ ಎಲಿ ಮುಂದ ಕುಂಡ್ರತಾರ. ಮುಗೀತು ನನ್ನ ಕತಿ.”

ಜೀವರತ್ನಮ್ಮ ಅವನ ಕಿವಿಯ ಮೇಲಿನ ಕರಿಬೇವಿನ ಎಸಳು ತೆಗೆದರು. “ಒಳಗೆ ನಿಂಗೋಸ್ಕರ ಪ್ರಾರ್ಥನೆ ಮಾಡ್ತಾ ಇದಾರಪ್ಪ” ಎಂದರು, ಸಮಾಧಾನಕ್ಕೆ.

ಕಲ್ಮೇಶ್ ಕಣ್ಣೊರೆಸಿಕೊಂಡು ಅವರನ್ನೇ ನೋಡಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ; ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ. “ಅದರಿಂದ ಬ್ಯಾಳಿ ಬೇಯ್ತದೇನ್ರೀ ಅಕ್ಕಾರ?”

ಮೂವತ್ತು ವರ್ಷ ಕೇಳಿದ ಯಾವ ಪ್ರಸಂಗವೂ ಜೀವರತ್ನಮ್ಮನವರನ್ನು ಹೀಗೆ ತಾಗಿರಲಿಲ್ಲ. ಅವರು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಚರ್ಚಿನೊಳಗೆ ಹೊಕ್ಕರು. ನಡುದಾರಿಯಲ್ಲಿ ನೆಟ್ಟಗೆ ನಡೆದು ಪವಿತ್ರ ಮೇಜಿನ ಹತ್ತಿರ ಬಂದರು. ಚಪ್ಪಲಿ ಎಲ್ಲಿಡುವುದೆಂದು ಹೊಳೆಯದೆ ಮುಂದಿನ ಸಾಲಿನಲ್ಲಿದ್ದ ಗಂಡನ ಮಡಿಲಲ್ಲಿಟ್ಟು, ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದರು.

“ಜೀವರತ್ನಮ್ಮಾ, ಅದು ಹರಾಜಿಗೆ…” ಎಂದರು ಅಯ್ಯನವರು.

“ಲೇ, ನನ್ ಕಾಯಿ ಕಣೇ!” ಎಂದರು ಸತ್ಯಾನಂದರು.

“ದೇವರಿಗೆ ಕೊಟ್ಟಾಯ್ತಲ್ಲ ರೀ, ಇನ್ನೇನು ನಿಮ್ದು?” ಎಂದು ಜೀವರತ್ನಮ್ಮ ಸಭೆಯತ್ತ ತಿರುಗಿದರು. ಅಷ್ಟು ಮುಖಗಳನ್ನು ಮುಂದಿನಿಂದ ನೋಡಿ ಅವರಿಗೆ ಅಭ್ಯಾಸವಿರಲಿಲ್ಲ, ಕುಂಬಳಕಾಯಿಯನ್ನು ಎದೆಗೊತ್ತಿಕೊಂಡರು. “ಹೊರಗೆ ಒಬ್ಬ ಹುಡುಗ ಇನ್ನೂರು ಜನರ ಸಾಂಬಾರು ಚೆಲ್ಕೊಂಡು ನಿಂತಿದಾನೆ. ಉಲ್ಲಾಳದಲ್ಲಿ ಜನ ಊಟಕ್ಕೆ ಕೂರ್ತಾರಂತೆ. ಹತ್ರದ ಮನೆಯವರು ಓಡಿಹೋಗಿ ಕುಕ್ಕರ್ ತನ್ನಿ, ತೊಗರಿಬೇಳೆ ತನ್ನಿ. ಲಿಂಗಾಯತರ ಮನೆ ಊಟ. ಬೇಳೆ ಕುಕ್ಕರ್ ಮಾತ್ರ ತನ್ನಿ! ಮಟನ್ ಕುಕ್ಕರ್ ಯಾರಾದ್ರೂ ತಂದ್ರೆ ನಾನು ಸುಮ್ನಿರಲ್ಲ!”

ಎಲ್ಲರೂ ಅಯ್ಯನವರನ್ನು ನೋಡಿದರು. ಅಯ್ಯನವರು ತಮ್ಮ ಪ್ರಸಂಗದ ಹಾಳೆಗಳನ್ನು ನೋಡಿದರು. ಆಮೇಲೆ ಅವನ್ನು ಮಡಚಿ ಜೇಬಿಗಿಟ್ಟುಕೊಂಡು, “ಬೀನ್ಸ್ ನಾನು ಹೆಚ್ತೀನಿ” ಎಂದರು.

ಹಿಂದಿನ ಅಂಗಳ ಮದುವೆಮನೆಯಾಯಿತು. ಸಾಲಾಗಿ ಕೂತ ಕುಕ್ಕರುಗಳು ಒಂದಾದ ಮೇಲೊಂದು ಸೀಟಿ ಹೊಡೆದವು. ಗಾಯಕವೃಂದದವರು ಎಲ್ಲರ ಉತ್ಸಾಹಕ್ಕೆಂದು ಕೀರ್ತನೆ ಶುರು ಮಾಡಿದರು. ಪ್ರತಿ ಚರಣದಲ್ಲೂ ಕುಕ್ಕರು ಎತ್ತರದ ಸ್ವರ ಹಿಡಿದುಕೊಂಡದ್ದರಿಂದ ಹಾಡು ಬಿಟ್ಟು ಈರುಳ್ಳಿ ಸುಲಿಯಲು ಕೂತರು. ಬಿರಿಯಾನಿಯ ಒಲೆ ಈಚೆ, ಸಾಂಬಾರಿನ ಒಲೆ ಆಚೆ. ಈ ಸೌಟು ಆ ಕಡೆ ಹೋಗದಂತೆ ಅಯ್ಯನವರು ಬಿಳಿ ನಿಲುವಂಗಿಯಲ್ಲೇ ಎರಡರ ನಡುವೆ ಕೈಚಾಚಿ ನಿಂತು ಕಾವಲು ಕಾದರು. ಒಂದು ಕೈಯಲ್ಲಿ ಬೀನ್ಸು, ಇನ್ನೊಂದರಲ್ಲಿ ಚಾಕು. “ನನ್ ಪ್ರಸಂಗದಲ್ಲಿ ಇನ್ನೂ ನಾಲ್ಕು ಅಂಶ ಇತ್ತು” ಎಂದು ನಡುನಡುವೆ ಹೇಳಿಕೊಳ್ಳುತ್ತಿದ್ದರು. ಕುಂಬಳಕಾಯಿಗೆ ಕತ್ತಿ ಬೀಳುವಾಗ ಸತ್ಯಾನಂದರು ಮುಖ ತಿರುಗಿಸಿಕೊಂಡರು.

ಕಲ್ಮೇಶ್ ಪಾತ್ರೆಯನ್ನು ತಿಕ್ಕಿ ತೊಳೆದು ತಂದ. ಬಿದ್ದ ಏಟಿಗೆ ಅದರ ತಳ ನೆಗ್ಗಿ, ಒಲೆಯ ಮೇಲಿಟ್ಟರೆ ಒಂದು ಕಡೆಗೆ ವಾಲುತ್ತಿತ್ತು. ಜೀವರತ್ನಮ್ಮ ಅದನ್ನು ಸೌಟಿನಿಂದ ತಡೆದು ನಿಲ್ಲಿಸಿಯೇ ಹುಣಸೆಹಣ್ಣು ಕಿವುಚಿದರು, ಪುಡಿ ಹಾಕಿದರು, ಇಂಗಿನ ಒಗ್ಗರಣೆ ಕೊಟ್ಟರು. ಮನೆಯಲ್ಲಿ ಇಬ್ಬರಿಗೆ ಮಾಡುವ ಅಡುಗೆಯೇ ಅವರಿಗೆ ಬೇಸರ. ಇಲ್ಲಿ ಇನ್ನೂರು ಜನಕ್ಕೆ ಕೈಯಾಡಿಸುತ್ತ ಬೆವರು ಸುರಿಸುತ್ತಿದ್ದರೂ ಒಳಗೆ ಏನೋ ಕುಣಿಯುತ್ತಿತ್ತು. ಅದಕ್ಕೆ ಅವರಿಗೇ ಗಾಬರಿಯಾಯಿತು. ಬಿ.ಪಿ. ಇರಬಹುದೆಂದುಕೊಂಡರು.

ಆಟೋ ಚಕ್ರ ಕೈಕೊಟ್ಟಿದ್ದರಿಂದ ಸಾಂಬಾರು ಹೋಗಬೇಕಾದದ್ದು ಸತ್ಯಾನಂದರ ಹೊಸ ಕಾರಿನಲ್ಲಿ. ಸೀಟಿನ ಪ್ಲಾಸ್ಟಿಕ್ಕನ್ನೇ ಅವರಿನ್ನೂ ತೆಗೆದಿರಲಿಲ್ಲ. ಆದರೂ, “ಕಾಯಿ ಹೋದ ಮೇಲೆ ಕಾರೇನು” ಎಂದು ಕೀಲಿ ತೆಗೆದರು. ಹಿಂದಿನ ಸೀಟಿನಲ್ಲಿ ಜೀವರತ್ನಮ್ಮ ಒಂದು ಕಡೆ, ಕಲ್ಮೇಶ್ ಇನ್ನೊಂದು ಕಡೆ, ನಡುವೆ ಗೋಣಿತಾಟು ಸುತ್ತಿದ ಪಾತ್ರೆ. ಇಬ್ಬರೂ ಅದನ್ನು ಊರಿಂದ ಬಂದ ನೆಂಟನಂತೆ ಅಪ್ಪಿಕೊಂಡಿದ್ದರು. ಕಾರು ಎಷ್ಟು ನಿಧಾನವಾಗಿ ಹೋಯಿತೆಂದರೆ, ಬೀದಿನಾಯಿಯೊಂದು ಸ್ವಲ್ಪ ದೂರ ಪಕ್ಕದಲ್ಲೇ ನಡೆದು, ಬೇಸತ್ತು, ಮುಂದೆ ಹೊರಟುಹೋಯಿತು.

ಉಲ್ಲಾಳದ ಮನೆಯಲ್ಲಿ ಜನ ಎಲೆಯ ಮುಂದೆ ಕೂತು ಎರಡನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು. ಮನೆಯೊಡತಿ ಬಸವರಾಜೇಶ್ವರಿ ಬಾಗಿಲಲ್ಲೇ ಚಡಪಡಿಸುತ್ತಿದ್ದರು. ಕಾರಿಂದ ಇಳಿದವರ ಮುಖವನ್ನೂ ನೋಡದೆ, “ಎಷ್ಟೊತ್ತಮ್ಮಾ! ಬಡ್ಸಿ, ಬಡ್ಸಿ ಬೇಗ!” ಎಂದು ಜೀವರತ್ನಮ್ಮನವರ ಕೈಗೆ ಬಕೆಟ್ಟು ಕೊಟ್ಟರು. ಕೋಟು ಟೈ ಕಟ್ಟಿದ್ದ ಸತ್ಯಾನಂದರ ಕೈಗೆ ಹಪ್ಪಳದ ಬುಟ್ಟಿ ಬಂತು.

ಇಬ್ಬರೂ ಬಡಿಸಿದರು. ಹಬ್ಬದ ರೇಷ್ಮೆ ಸೀರೆಯಲ್ಲಿ ಬಗ್ಗಿ ಬಗ್ಗಿ ಜೀವರತ್ನಮ್ಮನವರ ಸೊಂಟ ಹಿಡಿಯಿತು. ಅಜ್ಜನೊಬ್ಬರು ಬೆರಳು ಚೀಪಿ, “ಏನಮ್ಮಾ, ಕುಂಬಳಕಾಯಿ ಬೆಣ್ಣೆ ಬೆಣ್ಣೆ ಆಗೈತಲ್ಲ!” ಎಂದರು. ಮೂರು ಎಲೆ ಆಚೆಯಿದ್ದ ಸತ್ಯಾನಂದರು ಹಪ್ಪಳ ಬಿಟ್ಟು ಓಡಿಬಂದರು.

“ಸಾರ್, ಅದು ನಮ್ ತಾರಸೀದು! ಬರೀ ಸಗಣಿ ಗೊಬ್ಬರ!” ಎಂದು ಶುರು ಮಾಡಿ, ಅಜ್ಜನ ಪಕ್ಕದವರಿಗೂ, ಅವರ ಪಕ್ಕದವರಿಗೂ ಬಳ್ಳಿ ಹಬ್ಬಿಸುವ ಬಗೆ ವಿವರಿಸಿದರು. ಕೇಳಿದವರಿಗೆಲ್ಲ ತಮ್ಮ ಫೋನ್ ನಂಬರು ಕೊಟ್ಟರು.

ಪಂಕ್ತಿ ಎದ್ದ ಮೇಲೆ ಜೀವರತ್ನಮ್ಮ ಬಸವರಾಜೇಶ್ವರಿಯವರನ್ನು ಪಕ್ಕಕ್ಕೆ ಕರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಗುಂಡಿ, ಚರ್ಚು, ಅಯ್ಯನವರ ಬೀನ್ಸು, ಬಿರಿಯಾನಿಯ ಒಲೆ ಎಷ್ಟು ದೂರವಿತ್ತು ಎಂಬುದನ್ನೂ. “ನಿಮಗೆ ಮನಸ್ಸಿಗೆ ಸರಿ ಬರದಿದ್ರೆ ಬೈದ್ಬಿಡಿ” ಎಂದರು.

ಬಸವರಾಜೇಶ್ವರಿ ಜೀವರತ್ನಮ್ಮನವರ ಸೀರೆಯ ಅಂಚಿನಿಂದ ತೊಟ್ಟಿಕ್ಕುತ್ತಿದ್ದ ಸಾಂಬಾರನ್ನು ನೋಡಿದರು. “ಚರ್ಚಿನೋರಾ? ನಾನು ಕೇಟರಿಂಗ್‌ನೋರು ಅಂದ್ಕೊಂಡು ಗದರಿಬಿಟ್ಟೆನಲ್ಲಮ್ಮಾ!” ಎಂದು ಹಣೆ ಚಚ್ಚಿಕೊಂಡು ನಕ್ಕರು. “ಬನ್ನಿ, ಕೂತ್ಕೊಳಿ. ಬಡಿಸಿದ್ದು ಸಾಕು. ದಾಸೋಹ ಮಾಡಿದೋರು ಹಸ್ಕೊಂಡು ಹೋಗಬಾರ್ದು.” ಎಲೆ ಹಾಸಿ ತಾವೇ ಬಡಿಸಿದರು. ಅವರ ಗಂಡ ಚನ್ನವೀರಪ್ಪನವರು ಗುಂಡಿಯ ಕತೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. “ಅಲ್ಲಾ ಸಾರ್, ಇಷ್ಟು ದಿನ ನೀವೇ ಯಾಕೆ ಮುಚ್ಚಲಿಲ್ಲ?” ಎಂದರು.

ಸತ್ಯಾನಂದರು ಅನ್ನ ಕಲಸುತ್ತ ಯೋಚಿಸಿದರು. “ಪ್ರಾರ್ಥನೇಲಿ ಇದ್ವಿ ಸಾರ್” ಎಂದರು.

ಮುಂದಿನ ಶನಿವಾರ ಚನ್ನವೀರಪ್ಪನವರ ಮನೆ ಕಟ್ಟಿ ಮಿಕ್ಕಿದ ಜಲ್ಲಿ, ಸಿಮೆಂಟು ಚರ್ಚಿನ ಗೇಟಿಗೆ ಬಂದು ಬಿತ್ತು. ಕಲ್ಮೇಶ್ ಗುದ್ದಲಿ ತಂದ. ಸಭೆಯವರು ಸೇರಿ ಗುಂಡಿ ತುಂಬಿಸಿದರು. ಅಯ್ಯನವರು ಹೊಸ ಸಿಮೆಂಟಿಗೆ ಕಾಲಿಟ್ಟು ಮೊಣಕಾಲವರೆಗೆ ಹೂತುಕೊಂಡಾಗ, ಯಾರೂ ಕಣ್ಣು ಮುಚ್ಚದೆ ಅವರನ್ನು ಎಳೆದು ತೆಗೆದರು.

ಆ ಭಾನುವಾರ ಯಾರೂ ಬೀಳಲಿಲ್ಲ. ಪ್ರಸಂಗದ ಆರೂ ಅಂಶಗಳು ತಡೆಯಿಲ್ಲದೆ ನಡೆದವು. ಜೀವರತ್ನಮ್ಮನವರಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯಾಚೆ ಹೋಗುವ ಒಬ್ಬೊಬ್ಬರನ್ನೂ ಇವರಿಗೆ ಏನು ಬೇಕಾಗಿದೆಯೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಕೈ ತಾನಾಗಿಯೇ ಸೌಟು ಹುಡುಕುತ್ತಿತ್ತು.

ಮಂಗಳವಾರ ಸತ್ಯಾನಂದರ ಫೋನು ಹೊಡೆದುಕೊಂಡಿತು. ಅವರು ನಂಬರು ಹಂಚಿ ಬಂದ ಮೇಲೆ ಇಂಥ ಕರೆಗಳು ಬರುತ್ತಲೇ ಇದ್ದವು. ಒಬ್ಬರಿಗೆ ನಾಮಕರಣಕ್ಕೆ ಸಾಂಬಾರು ಬೇಕಿತ್ತು, ಇನ್ನೊಬ್ಬರಿಗೆ ಕುಂಬಳದ ಬೀಜ. ಇದು ಯಾರೋ ಹುಡುಗಿಯ ಬಳಲಿದ ದನಿ. ಜೀವರತ್ನಮ್ಮ ಫೋನು ತೆಗೆದುಕೊಂಡರು.

“ಆಂಟಿ, ಕೃಪಾಲಯ ಸಾಂಬಾರಾ? ನಾನು ಶಿವಾನಿ ಅಂತ, ನಾಗರಬಾವೀಲಿ ಲಾ ಓದ್ತಾ ಇದೀನಿ. ನಮ್ ಅಜ್ಜ ಉಲ್ಲಾಳದ ಫಂಕ್ಷನ್‌ಗೆ ಬಂದಿದ್ರು, ನಂಬರ್ ಕೊಟ್ರು. ಜ್ವರ ಆಂಟಿ. ಒಬ್ರಿಗೆ ಆಗೋಷ್ಟು ಕಳಿಸ್ತೀರಾ?”

“ನಾವು ಹೋಟೆಲ್‌ನೋರಲ್ಲಮ್ಮ, ಚರ್ಚಿನೋರು.”

“ಓ, ಸಾರಿ ಆಂಟಿ.” ಆಮೇಲೆ ಸಣ್ಣ ದನಿ, “ಚರ್ಚಲ್ಲಿ ತಿಳಿಸಾರು ಸಿಗುತ್ತಾ?”

ಮುಕ್ಕಾಲು ಗಂಟೆಯಲ್ಲಿ ಜೀವರತ್ನಮ್ಮ ನಾಗರಬಾವಿಯ ಬಾಡಿಗೆ ಮನೆಯೊಂದರ ಮಹಡಿ ಏರುತ್ತಿದ್ದರು. ಕೈಯಲ್ಲಿ ಮೆಣಸಿನ ಸಾರು, ಮೆತ್ತಗೆ ಬೇಯಿಸಿದ ಅನ್ನ. ಕಂಬಳಿ ಹೊದ್ದು ಬಾಗಿಲು ತೆಗೆದ ಶಿವಾನಿಯನ್ನು ಕೂರಿಸಿ, ತಟ್ಟೆಗೆ ಬಡಿಸಿ, ಹಣೆ ಮುಟ್ಟಿ ನೋಡಿದರು. ಘಮಕ್ಕೆ ಪಕ್ಕದ ಕೋಣೆಗಳ ಬಾಗಿಲುಗಳೂ ಒಂದೊಂದಾಗಿ ತೆರೆದುಕೊಂಡವು.

“ಆಂಟಿ, ನಂಗೂ ಜ್ವರ” ಎಂದಳು ಒಬ್ಬಳು.

“ನಂಗೂ” ಎಂದಳು ಇನ್ನೊಬ್ಬಳು, ಮರೆತಿದ್ದನ್ನು ನೆನಪಿಸಿಕೊಂಡು ಕೆಮ್ಮಿ.

ಇಬ್ಬರ ಹಣೆಯೂ ಮಡಕೆಯ ನೀರಿನಷ್ಟು ತಣ್ಣಗಿತ್ತು. ಜೀವರತ್ನಮ್ಮ ಕಿಟಕಿಯಿಂದ ಬಗ್ಗಿ, ಕೆಳಗೆ ಕಾರಿನಲ್ಲಿ ತೂಕಡಿಸುತ್ತಿದ್ದ ಗಂಡನನ್ನು ಕೂಗಿದರು.

“ರೀ! ಮನೆಗೆ ಹೋಗಿ ದೊಡ್ಡ ಡಬ್ಬಿ ತನ್ನಿ!”

“ಯಾಕೆ? ಇನ್ನೂ ಯಾರಿಗಾದ್ರೂ ಜ್ವರಾನಾ?”

“ಜ್ವರ ಅಲ್ಲ ರೀ, ಹಸಿವು! ಉಪ್ಪಿನಕಾಯೀನೂ ತನ್ನಿ!”