ಘೂಗ್ರಿ ಇಲ್ಲದ ಕೆನ್ನೆ

"ಇವನ್ನೂ ತೂಗ್ಲೇನವಾ?" ಅಕ್ಕಸಾಲಿಗ ಬಾಳಕೃಷ್ಣ ಪತ್ತಾರ ತಕ್ಕಡಿಯಿಂದ ತಲೆಯೆತ್ತಿ ಕೇಳಿದ.

ಗೋಮ್ಲಿಯ ಕೈ ಕೆನ್ನೆಯ ಪಕ್ಕ ತೂಗುತ್ತಿದ್ದ ಬೆಳ್ಳಿಯ ಘೂಗ್ರಿಗಳ ಮೇಲಿತ್ತು. ರವಿಕೆಗೆ ಹೊಲಿದ ರೂಪಾಯಿಗಳು, ಕೊರಳ ಸರ, ಕಾಲಕಡಗ ಎಲ್ಲ ಆಗಲೇ ತಕ್ಕಡಿ ಏರಿ ಇಳಿದಿದ್ದವು. ಇವೆರಡೇ ಉಳಿದಿದ್ದವು, ಮದುವೆಯ ದಿನ ಕೂದಲಿಗೆ ಹೆಣೆದವು. ಗಂಡನಿರುವ ತನಕ ಲಂಬಾಣಿ ಹೆಂಗಸು ಇವನ್ನು ಬಿಚ್ಚುವುದಿಲ್ಲ.

"ಅವ ಬಂದ ಮ್ಯಾಲೆ ಹೊಸಾವು ಮಾಡಿಸ್ತಾನ. ತೂಗ್ರಿ," ಅಂದಳು.

ಅವನೆಂದರೆ ಗಂಡ ರೂಪ್ಲಾ. ಲಡಾಯಿ ಶುರುವಾದಾಗ ಎಲ್ಲೋ ಬರ್ಮಾದ ಕಡೆ ರಸ್ತೆ ಕಡಿಯುವ ಕೆಲಸಕ್ಕೆ ಹೋದವನು. "ಬಂದು ಜೋಡೆತ್ತು ಕೊಳ್ಳೂಣು, ಬೆಳ್ಳಿ ಜ್ವಾಕಿ," ಎಂದು ಹೇಳಿ ಹೋಗಿದ್ದ. ಮೊದಮೊದಲು ಮನಿಆರ್ಡರು ಬಂತು. ಬಂದದ್ದನ್ನೆಲ್ಲ ಗೋಮ್ಲಿ ತಮ್ಮ ಮಂದಿಯ ರೂಢಿಯಂತೆ ಮೈಮೇಲೆಯೇ ಕೂಡಿಟ್ಟಳು. ರೂಪಾಯಿಗೆ ಕೊಂಡಿ ಬೆಸೆಸಿ ರವಿಕೆಗೆ ಹೊಲಿದುಕೊಂಡಳು. ಆಮೇಲೆ ಹಣವೂ ನಿಂತಿತು, ಸುದ್ದಿಯೂ ನಿಂತಿತು. ಹುಬ್ಬಳ್ಳಿಯ ಗೋಪನಕೊಪ್ಪದ ಗುಡಿಸಲಿನಲ್ಲಿ ಒಬ್ಬಳೇ. ಮಗ್ಗುಲು ಬದಲಿಸಿದರೆ ತನ್ನ ಬೆಳ್ಳಿಯ ಸಪ್ಪಳವೇ ಜೊತೆ. ಆ ಸಪ್ಪಳಕ್ಕೆ ಕಳ್ಳರು ಬಂದಾರೆಂಬ ಅಂಜಿಕೆಯೂ ಇತ್ತು.

ಅವಳು ಕಟ್ಟಿಗೆಯ ಹೊರೆ ತಂದು ಹಾಕುವ ಮನೆಯ ಕಾಶೀಬಾಯಿಯೇ ದಾರಿ ತೋರಿಸಿದ್ದು. "ಹುಚ್ಚಿ, ಮೈಮ್ಯಾಲೆ ಯಾರರೆ ರೊಕ್ಕಾ ಇಟ್ಕೋತಾರೇನ? ಬೆಳ್ಳಿ ಮಾರಿ ಪೋಸ್ಟಿನ್ಯಾಗ ಇಡು. ಕಳ್ಳರ ಕಾಟ ಇಲ್ಲ, ಮ್ಯಾಲೆ ಬಡ್ಡಿ ಬ್ಯಾರೆ!" ಪಾಪ, ಆಕೆಯ ಮಾತಿನಲ್ಲಿ ಕಪಟವಿರಲಿಲ್ಲ. ತಾನೇ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿದಳು. ಗೋಮ್ಲಿಗೆ ಖುಷಿಯೇ ಆಯಿತು. ಜೋಡೆತ್ತಿನ ದುಡ್ಡು ಇನ್ನು ಯಾರಪ್ಪನೂ ಮುಟ್ಟುವಂತಿಲ್ಲ!

ದೀಪಾವಳಿಗೆ ತಾರಿಹಾಳದಾಚೆಯ ತವರು ತಾಂಡಾಕ್ಕೆ ಹೊರಟಳು. ಪಾಸಬುಕ್ಕು ಸೆರಗಿನ ಗಂಟಿನಲ್ಲಿತ್ತು. ನಡೆದರೆ ಸಪ್ಪಳವಿಲ್ಲ, ಯಾರೋ ಬೇರೆಯವಳು ನಡೆದಂತೆ ಅನಿಸಿತು.

ಬಾವಿಯಲ್ಲಿ ನೀರು ಸೇದುತ್ತಿದ್ದ ಚಿಕ್ಕಮ್ಮ ಹೀರೂಬಾಯಿ ಮೊದಲು ಕಂಡಳು. ನಗುತ್ತ ಎದುರು ಬಂದವಳ ಕಣ್ಣು ಗೋಮ್ಲಿಯ ಬರಿಗೆನ್ನೆಯ ಮೇಲೆ ಬಿತ್ತು. ಕೈಯ ಕೊಡ ಜಾರಿತು.

"ಅಯ್ಯ ನನ್ನವ್ವಾ! ರೂಪ್ಲಾ ಹೋದನೇನ!"

ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಓಡಿ ಬಂದು ಗೋಮ್ಲಿಯ ಕೊರಳು ತಬ್ಬಿ, ತಾಂಡಾದಲ್ಲಿ ಸತ್ತವರಿಗಾಗಿ ಅಳುವ ಹಾಗೆ ರಾಗವೆಳೆದು ಅಳತೊಡಗಿದರು.

"ತಡೀರೇ, ಹಂಗೇನಿಲ್ಲ! ಪೋಸ್ಟಿನ್ಯಾಗ ಇಟ್ಟೇನಿ, ನೋಡ್ರಿಲ್ಲೆ!" ಗೋಮ್ಲಿ ಗಂಟು ಬಿಚ್ಚಿ ಪಾಸಬುಕ್ಕು ಹಿಡಿದಳು. ಕಾಶೀಬಾಯಿ ಹೇಳಿದ್ದು, ಪತ್ತಾರ ತೂಗಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು.

ಅಳು ನಿಂತಿತು. ಹೀರೂಬಾಯಿ ಮೂಗೊರಸಿಕೊಂಡಳು. "ಹಂಗಾರ ಅವ ಅದಾನ? ಕಾಗದ ಬಂತೇನವಾ?"

ಅದಾನ ಅನ್ನಬೇಕು. ಗೋಮ್ಲಿ ಬಾಯಿ ತೆರೆದಳು. ಇಷ್ಟು ದಿನ ಈ ಮಾತನ್ನು ಯಾರೂ ಕೇಳಿರಲಿಲ್ಲ. ಹುಬ್ಬಳ್ಳಿಯಲ್ಲಿ ಕೇಳುವವರೆಲ್ಲ ಹೊರೆ ಎಷ್ಟಕ್ಕೆಂದು ಕೇಳುತ್ತಿದ್ದರು. ಕೆನ್ನೆಗೆ ಕೈ ಹೋಯಿತು, ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅವಳು ಚಿಕ್ಕಮ್ಮನ ಹೆಗಲಿಗೆ ಹಣೆಯೂರಿದಳು. ನಿಂತಿದ್ದ ರಾಗವನ್ನು ಈ ಸಲ ತಾನೇ ಎತ್ತಿದಳು.

ಪಾಸಬುಕ್ಕು ನೆಲಕ್ಕೆ ಬಿದ್ದಿತ್ತು. ಎಷ್ಟೋ ಹೊತ್ತಿನ ಮೇಲೆ ಹೀರೂಬಾಯಿ ಅದನ್ನೆತ್ತಿ ಮಣ್ಣು ಒರಸಿದಳು. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿ ನೋಡಿ, ಗೋಮ್ಲಿಯ ಉಡಿಯಲ್ಲಿಟ್ಟಳು.