ಬೇವು ಕಹಿಯೇ ಇತ್ತು

ಕಾಲುವೆ ನೀರು ಬಂದ ಮೇಲೆ ಹುಣಸಗಿ ಕಡೆಯ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಭತ್ತಕ್ಕೆ ಇಲಿ ಬಂದವು, ಇಲಿಯ ಬೆನ್ನಿಗೆ ಹಾವು ಬಂದವು, ಹಾವಿನ ದೆಸೆಯಿಂದ ಅಂಬ್ರಪ್ಪನಿಗೆ ಹೆಸರು ಬಂತು. ಕಚ್ಚಿಸಿಕೊಂಡು ಬಂದವರ ಬಾಯಿಗೆ ಅವನು ಮೊದಲು ಬೇವಿನ ಎಲೆ ಕೊಡುತ್ತಿದ್ದ. ಕಹಿ ಎಂದರೆ ವಿಷವಿಲ್ಲ, ಸಪ್ಪೆ ಎಂದರೆ ಏರಿದೆ. ಆಮೇಲೆ ಬೇರಿನ ರಸ. ಅದನ್ನು ಅರೆಯುವವಳು ತಂಗಿ ಮಾನಮ್ಮ. ಬಂದವರು ನಡೆದುಕೊಂಡೇ ವಾಪಸು ಹೋಗುವುದನ್ನು ಕಂಡು ಅವಳ ಎದೆ ಉಬ್ಬುತ್ತಿತ್ತು.

ಹಾಗೆ ನಡೆದು ಹೋಗದವನು ಅವಳ ಗಂಡ ಹುಲಗಪ್ಪನೊಬ್ಬನೇ. ಮೂರು ವರ್ಷದ ಹಿಂದೆ ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿತ್ತು. ಬೇವು ಕಹಿ ಎಂದ, ರಸ ಕುಡಿದ, ಸಂಜೆಯಾಗುವಷ್ಟರಲ್ಲಿ ರೆಪ್ಪೆ ಎತ್ತಲಾರದೆ ಹೋಗಿಬಿಟ್ಟ. ಅವನ ಆಯುಷ್ಯ ಅಷ್ಟೇ ಇತ್ತು ಎಂದು ಅಣ್ಣ ಕಣ್ಣೊರೆಸಿಕೊಂಡ. ಮಾನಮ್ಮ ನಂಬಿದಳು. ನಂಬದೆ ಬದುಕುವುದಾದರೂ ಹೇಗೆ?

ಮೊನ್ನೆ ಬುಧವಾರ ಮಧ್ಯಾಹ್ನ ಹುಲ್ಲಿನ ಬಣವೆಯ ಹತ್ತಿರ ಅಂಬ್ರಪ್ಪನನ್ನೇ ಹಾವು ಕಚ್ಚಿತು. ಮಾನಮ್ಮ ಬೇವು ಹರಿದುಕೊಂಡು, ರಸದ ಬಟ್ಟಲು ಹಿಡಿದು ಓಡಿಬಂದಳು. ಅವನು ಎರಡನ್ನೂ ತಳ್ಳಿದ. ಆಟೋದ ಚಾಂದಪಾಶಾನನ್ನು ಕರೆ, ಸುರಪುರ ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿಸಬೇಕು ಎಂದ. ಮೊದಲು ಬೇವು ತಿಂದು ನೋಡು ಎಂದು ಅವಳು ಹಟ ಹಿಡಿದಳು.

"ಯಾವ ಹಾವು ಕಡದ್ರೂ ಬೇವು ಕಹಿನೇ ಇರ್ತದವ್ವ," ಎಂದು ಅವನು ಕಾಲು ತೋರಿಸಿದ. ಎರಡು ತೂತು. "ಕೇರಿಹಾವು, ನೀರಹಾವು ಆದ್ರ ಸಣ್ಣ ಹಲ್ಲಿನ ಸಾಲು ಮೂಡ್ತದ. ಅವಕ್ಕ ಇಸಾನೇ ಇಲ್ಲ, ಬರೇ ನೀರು ಕುಡಿಸಿದ್ರೂ ಬದುಕ್ತಾರ. ಇದು ಕೊಳಕಮಂಡಲ, ಕಣ್ಣಾರೆ ನೋಡೀನಿ."

ಹುಲಗಪ್ಪನ ಕಾಲು ತೊಳೆದವಳು ಮಾನಮ್ಮನೇ. ಅಲ್ಲಿದ್ದದ್ದೂ ಎರಡೇ ತೂತು.

"ಅವತ್ತೂ ನಿನಗ ಗೊತ್ತಿತ್ತೇನಣ್ಣ?"

ಅಂಬ್ರಪ್ಪ ತಲೆ ತಗ್ಗಿಸಿದ. "ಹತ್ತು ಮಂದಿ ಮುಂದ ಕುಂತಿದ್ರು. ಮನಿಯವನಿಗೇ ದವಾಖಾನಿಗೆ ಹೋಗು ಅಂದಿದ್ರ ನನ್ನ ಹೆಸರು ಉಳೀತಿತ್ತೇನು?"

ಒಡಹುಟ್ಟಿದವನೇ ಅವಳ ಗಂಡನ ಜೀವಕ್ಕಿಂತ ತನ್ನ ಹೆಸರನ್ನು ದೊಡ್ಡದು ಮಾಡಿಕೊಂಡಿದ್ದ. ಆಮೇಲೂ ಮೂರು ವರ್ಷ ಅವಳ ಕೈಯಿಂದಲೇ ಬೇರು ಅರೆಸಿದ್ದ. ಆದರೂ ಓಡಿಹೋಗಿ ಆಟೋ ತಂದಳು, ತಾನೂ ಹತ್ತಿ ಕೂತಳು.

ದಾರಿಯಲ್ಲಿ ಅವನು ಅವಳ ಕೈ ಹಿಡಿದು, ಊರಲ್ಲಿ ಯಾರಿಗೂ ಹೇಳಬೇಡ ಎಂದು ಅಂಗಲಾಚಿದ. ಮಾನಮ್ಮ ಕೈ ಬಿಡಿಸಿಕೊಂಡಳು.

"ನಾ ಹೇಳಂಗಿಲ್ಲ. ನೀ ಸಾಯಬ್ಯಾಡಣ್ಣ, ಬದುಕಿ ಬಾ. ಅದೇ ಹತ್ತು ಮಂದಿ ಮುಂದ ನೀನೇ ಹೇಳಬೇಕು."