ಯಾವಾಗಲೂ ಇದರಲ್ಲೇ ತೆರೆಯಲಿ

ಫೈಲನ್ನು ಒತ್ತಿದ ಕೂಡಲೇ ಪರದೆಯ ತುಂಬ ತಲೆಬುಡವಿಲ್ಲದ ಅಕ್ಷರಗಳು ಚೆಲ್ಲಿಕೊಂಡವು.

"ಸಾವ್ಕಾರ್ರ ಆಫೀಸ್ನ್ಯಾಗೂ ಹಿಂಗ ಬಂತ್ರಿ ಅಕ್ಕಾರ," ಎಂದಳು ಭಾಗವ್ವ. "ಕೆಟ್ಟೈತಿ, ಎಲ್ಲಿ ಬೇಕಾದ್ರೂ ತೋರಿಸ್ಕೋ ಅಂತ ನಕ್ಕೋಂತ ಪೆನ್‌ಡ್ರೈವ್ ಕೊಟ್ರು."

ಅವಳ ಗಂಡ ರಾಮಲಿಂಗ ಸತ್ತು ಹತ್ತೊಂಬತ್ತು ದಿನವಾಗಿತ್ತು. ಆವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ, ಕುಡಿದು ಕೆಂಪುಕಲ್ಲು ಕಡಿಯುವ ಕೋರೆಯ ಹೊಂಡಕ್ಕೆ ಬಿದ್ದ ಎಂಬುದು ಆ ಸಾವ್ಕಾರ, ಕಂಟ್ರಾಕ್ಟರ್ ರೋನಿಯ ಮಾತು. ಒಂದು ತೊಟ್ಟೂ ಮುಟ್ಟದ ಗಂಡನಿಗೆ ಕುಡುಕನೆಂಬ ಹೆಸರು ಬಂದದ್ದು ಭಾಗವ್ವನಿಗೆ ಸಾವಿಗಿಂತ ಹೆಚ್ಚು ಸುಡುತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಕ್ಯಾಮರಾದಿಂದ ತೆಗೆದ ಈ ಫೈಲೊಂದೇ ಉಳಿದ ಸಾಕ್ಷಿ.

"ಇದು ಕೆಟ್ಟದ್ದಲ್ಲ ಮಾರಾಯ್ತಿ," ಎಂದಳು ಪ್ಯಾಟ್ರಿಶಿಯಾ. "ವೀಡಿಯೊವನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಎಂತ ಕಾಣ್ತದೆ? ಇದಕ್ಕೆ ಬೇರೆ ಪ್ಲೇಯರ್ ಉಂಟು."

ಕಾಪು ಪೇಟೆಯಲ್ಲಿ ಹದಿನಾಲ್ಕು ವರ್ಷ ಜೆರಾಕ್ಸ್ ಅಂಗಡಿ ನಡೆಸಿದವಳಿಗೆ ಇದು ನೀರು ಕುಡಿದಷ್ಟು ಸುಲಭ. ಪ್ಲೇಯರ್ ಹಾಕಿ, 'ಯಾವಾಗಲೂ ಇದರಲ್ಲೇ ತೆರೆಯಲಿ' ಎಂಬಲ್ಲಿ ಕೈ ರೂಢಿಯಂತೆ ಟಿಕ್ ಒತ್ತಿತು.

ಪರದೆಯಲ್ಲಿ ರಾಮಲಿಂಗ ಕಟ್ಟಡದ ಸುತ್ತ ಕಟ್ಟಿದ ಸಾರುವೆ ಹತ್ತುತ್ತಿದ್ದ. ಸೊಂಟಕ್ಕೆ ಬೆಲ್ಟಿರಲಿಲ್ಲ. ಮೂರನೇ ಮಹಡಿಯಲ್ಲಿ ಹಲಗೆ ಜಾರಿತು. ಕೆಳಗೆ ಓಡಿಬಂದ ರೋನಿ ಬಗ್ಗಿ ನೋಡಿದ, ಮತ್ತೊಬ್ಬನನ್ನು ಕರೆದ. ಇಬ್ಬರೂ ಕೈಕಾಲು ಹಿಡಿದು ಕೋರೆಯ ಕಡೆಗೆ ಹೊತ್ತುಕೊಂಡು ಹೋದರು.

ಆಗಲೇ ಪ್ಯಾಟ್ರಿಶಿಯಾಳ ಮೊಬೈಲು ಬಡಿದುಕೊಂಡಿತು. ರೋನಿ. ಈ ಅಂಗಡಿಯ ಕಟ್ಟಡವೂ ಅವನದೇ.

"ಭಾಗವ್ವ ಬಂದಿದ್ದಾಳಲ್ಲ ಅಲ್ಲಿ," ಎಂದ ಕೊಂಕಣಿಯಲ್ಲಿ, ತುಂಬ ಮೆತ್ತಗೆ. "ಫೈಲು ತೆರೆಯಿತಾ?"

ಅವಳು ತಲೆಯೆತ್ತಿದಳು. ಅಂಗಡಿಯ ಜಗಲಿಯ ಸೂರಿನಲ್ಲಿ ಅವನೇ ಹಾಕಿಸಿದ ಕ್ಯಾಮರಾ ಮೆಟ್ಟಿಲನ್ನೇ ನೋಡುತ್ತಿತ್ತು.

"ಇಲ್ಲ, ಹಾಳಾಗಿದೆ."

"ಹೌದಾ. ಹೇಗೂ ಪೇಟೆಯಲ್ಲೇ ಇದ್ದೇನೆ, ಒಮ್ಮೆ ಬಂದು ನಾನೇ ಒತ್ತಿ ನೋಡ್ತೇನೆ."

ಒತ್ತಿದರೆ ತೆರೆಯುತ್ತದೆ, ಟಿಕ್ ಹಾಕಿಯಾಗಿತ್ತು. ಆ ಟಿಕ್ ತೆಗೆದು ಮತ್ತೆ ನೋಟ್‌ಪ್ಯಾಡಿನಲ್ಲೇ ತೆರೆಯುವಂತೆ ಮಾಡಲು ಎರಡು ನಿಮಿಷ ಬೇಕು. ಮೊದಲು ಫೈಲಿನ ನಕಲನ್ನು ತನ್ನ ಪೆನ್‌ಡ್ರೈವಿಗೆ ಹಾಕಿ ಭಾಗವ್ವನ ಕೈಗೆ ತುರುಕಿದಳು.

"ಸೆರಗಿಗೆ ಕಟ್ಟಿಕೋ. ಹಿಂದಿನ ಬಾಗಿಲಿಂದ ಹೋಗು, ಸೀದಾ ಉಡುಪಿಯ ಬಸ್ಸು ಹತ್ತು. ಅಲ್ಲಿ ದೊಡ್ಡ ಪೊಲೀಸ್ ಆಫೀಸಿನಲ್ಲಿ ಕೊಡು."

ಭಾಗವ್ವ ಗಂಟು ಹಾಕಿಕೊಂಡಳು. ಆದರೆ ಕದಲಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

"ಅಕ್ಕಾರ, ಬೀಳೂದು ಬ್ಯಾಡ್ರಿ. ಅವ್ರು ಹತ್ತೂದಷ್ಟ ಇನ್ನೊಮ್ಮಿ ತೋರಿಸ್ರಿ."

ಹೊರಗೆ ಜೀಪು ನಿಂತ ಸದ್ದಾಯಿತು. ಪ್ಯಾಟ್ರಿಶಿಯಾ ಬಾಗಿಲ ಕಡೆ ನೋಡಿದಳು, ಭಾಗವ್ವನ ಮುಖ ನೋಡಿದಳು. ಆಮೇಲೆ ಟಿಕ್ ತೆಗೆಯುವುದನ್ನು ಬಿಟ್ಟು ವೀಡಿಯೊವನ್ನು ಮೊದಲಿಗೆ ಎಳೆದಳು.

ರಾಮಲಿಂಗ ತಲೆಗೆ ಟವೆಲು ಸುತ್ತಿಕೊಂಡು, ಒಂದೊಂದೇ ಕಂಬಿ ಹಿಡಿದು ಮೇಲೆ ಹತ್ತತೊಡಗಿದ.